ಸರ್ವರ್ ಕೆಟ್ಟರೆ ಮಂಗಳೂರಿಗೆ ಫೋನ್ ಮಾಡುವುದಾ, ಊರಿನವರಿಗಾ?

ನಿಮ್ಮ ಪ್ರಶ್ನೆ ಇಷ್ಟು: ಕಾಸರಗೋಡಿನ ಬದಿಯಡ್ಕದಲ್ಲಿ ಹೋಲ್‌ಸೇಲ್ ಅಂಗಡಿ. ಒಂದು ಸರ್ವರ್, ನಾಲ್ಕು ಬಿಲ್ಲಿಂಗ್ ಕಂಪ್ಯೂಟರ್, ಲೆಕ್ಕವೆಲ್ಲ ಟ್ಯಾಲಿ ಸಾಫ್ಟ್‌ವೇರಿನಲ್ಲಿ. ಎಎಂಸಿಯನ್ನು, ಅಂದರೆ ವರ್ಷದ ರಿಪೇರಿ ಒಪ್ಪಂದವನ್ನು, ಮಂಗಳೂರಿನ ಕಂಪನಿಗೆ ಕೊಡುವುದಾ, ಊರಿನ ಹುಡುಗರಿಗಾ?

ನಾನು ಕುಂಬಳೆ, ಉಪ್ಪಳ ಕಡೆ ಇದೇ ಕೆಲಸ ಮಾಡುವವನು. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಸೋಸಿಯೇ ಕೇಳಿ. ಊರಿನವರಿಗೇ ಕೊಡಿ. ಆದರೆ ಕಣ್ಣು ಮುಚ್ಚಿ ಕೊಡಬೇಡಿ.

ತುರ್ತು ಅಂತ ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಪಾಲು ಕೈ ಹಾಕಿಯೇ ಸರಿ ಮಾಡಬೇಕಾದವು. ಎಸ್‌ಎಂಪಿಎಸ್ (ಕಂಪ್ಯೂಟರಿನ ಒಳಗೆ ಕರೆಂಟ್ ಕೊಡುವ ಭಾಗ) ಹೋಗಿರುತ್ತದೆ, ಇಲ್ಲ ಯುಪಿಎಸ್ ಬ್ಯಾಟರಿ ಕೈಕೊಟ್ಟಿರುತ್ತದೆ. ಇದನ್ನೆಲ್ಲ ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಲ್ಲಿ ಕೂತು ಯಾರೂ ಸರಿ ಮಾಡಲಾರರು. 2020ರ ಮಾರ್ಚ್‌ನಲ್ಲಿ ಕರ್ನಾಟಕ-ಕೇರಳದ ತಲಪಾಡಿ ಗಡಿ ಮುಚ್ಚಿದ್ದು ನೆನಪಿದೆ ಅಲ್ವಾ? ಮಂಗಳೂರಿನಿಂದ ಒಂದು ಸ್ಕ್ರೂಡ್ರೈವರ್ ಕೂಡ ಈಚೆ ಬರಲಿಲ್ಲ.

ನಮ್ಮ ಕಡೆಯ ದೊಡ್ಡ ಶತ್ರು ಸಿಡಿಲು. ಏಪ್ರಿಲ್, ಮೇಯಲ್ಲಿ, ಮತ್ತೆ ಅಕ್ಟೋಬರ್ ಹೊತ್ತಿಗೆ, ಮಧ್ಯಾಹ್ನ ಕಳೆದು ಗುಡುಗು ಶುರುವಾದರೆ ನನ್ನ ಫೋನೂ ಶುರು. "ಸರ್ವರ್ ಹೋಯ್ತು ಮಾರಾಯ್ರೆ" ಅಂತಾರೆ. ಹೋಗಿ ನೋಡಿದರೆ ಫ್ಯಾನ್ ತಿರುಗ್ತಾ ಇರುತ್ತದೆ, ಸರ್ವರ್‌ನಲ್ಲಿ ಟ್ಯಾಲಿಯೂ ತೆರೆಯುತ್ತದೆ. ಹಿಂದೆ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಲ್ಯಾನ್ ಕೇಬಲ್ ಚುಚ್ಚಿದ ಜಾಗದಲ್ಲಿ ಮಿನುಗಬೇಕಾದ ಸಣ್ಣ ದೀಪ ಮಾತ್ರ ಇಲ್ಲ. ಕೇಬಲ್ ಬದಲಿಸಿ ನೋಡಿ, ಕೇಬಲುಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್‌ನ ಇನ್ನೊಂದು ಪೋರ್ಟಿಗೆ ಹಾಕಿ ನೋಡಿ. ಆಗಲೂ ದೀಪ ಬಾರದಿದ್ದರೆ ಹೆಚ್ಚಾಗಿ ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಸುಟ್ಟಿದೆ ಅಂತಲೇ. ಬೋರ್ಡ್ ಬದಲಿಸಲು ಓಡಬೇಡಿ. ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಒಂದನ್ನು ಚುಚ್ಚಿ, ಹಳೇ ಐಪಿ ವಿಳಾಸವನ್ನೇ (ನೆಟ್‌ವರ್ಕಿನಲ್ಲಿ ಸರ್ವರ್‌ನ ಗುರುತು ಸಂಖ್ಯೆ) ಕೊಟ್ಟರೆ ಬಿಲ್ಲಿಂಗ್ ಮತ್ತೆ ಶುರುವಾಗುತ್ತದೆ. ಇಂಥ ಅಡಾಪ್ಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಒಂದನ್ನು ಮೇಜಿನ ಡ್ರಾಯರ್‌ನಲ್ಲಿ ಇಟ್ಟಿರಿ.

ಅಂಗಡಿಯಿಂದ ಗೋಡೌನಿಗೆ ಹೊರಗಿನಿಂದ ಲ್ಯಾನ್ ಕೇಬಲ್ ಎಳೆದಿದ್ದೀರಾ? ಹಾಗಿದ್ದರೆ ಸಿಡಿಲಿಗೆ ನೀವೇ ಬಾಗಿಲು ತೆರೆದಿಟ್ಟಿದ್ದೀರಿ. ಅಲ್ಲಿ ಫೈಬರ್ ಹಾಕಿಸಿ, ಅದು ಗಾಜಿನ ಎಳೆ, ಕರೆಂಟ್ ಹರಿಯುವುದಿಲ್ಲ. ಎರಡೂ ತುದಿಗೆ ಅದನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್. ಒಳಗೆ ಉಕ್ಕಿನ ತಂತಿ ಇರುವ ಫೈಬರ್ ಕೊಡ್ತಾರೆ, ಅದು ಬೇಡ ಅನ್ನಿ. ತಂತಿ ಇದ್ದರೆ ಫೈಬರ್ ಹಾಕಿಸಿದ್ದೇ ದಂಡ.

ಹಾರ್ಡ್ ಡಿಸ್ಕ್ ಹೋದಾಗ ನಿಮ್ಮ ಕೆಲಸ ಒಂದೇ, ಸುಮ್ನಿರುವುದು. ಡಬ್ಬದ ಹತ್ತಿರ ಕಿವಿ ಇಡಿ. ಟಕ್, ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬರ್ತಾ ಇದ್ದರೆ ಆ ಕ್ಷಣವೇ ಆಫ್ ಮಾಡಿ. "ಇನ್ನೊಮ್ಮೆ ಆನ್ ಮಾಡಿ ನೋಡುವ" ಅನ್ನುವವರು ಅಂಗಡಿಗೊಬ್ಬರಾದರೂ ಇರ್ತಾರೆ, ಅವರನ್ನು ಚಾ ಕುಡಿಯಲು ಕಳಿಸಿ. ಒಳಗಿನ ಹೆಡ್ (ಡೇಟಾ ಓದುವ ಭಾಗ) ಡಿಸ್ಕಿಗೆ ತಾಗ್ತಾ ಇದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಡೇಟಾ ಇನ್ನಷ್ಟು ಉಜ್ಜಿ ಹೋಗುತ್ತದೆ. ಅಂಥ ಡಿಸ್ಕಿಗೆ ವಿಂಡೋಸ್‌ನ ರಿಪೇರಿ ಪ್ರೋಗ್ರಾಂ ಆದ ಚೆಕ್‌ಡಿಸ್ಕ್ ಓಡಿಸುವುದೂ ತಪ್ಪು. ಬಂದವರು ಡಿಸ್ಕಿನ ನಕಲು ತೆಗೆಯುವ ಮೊದಲೇ ರಿಪೇರಿಗೆ ಕೈ ಹಾಕಿದರೆ ನಿಲ್ಲಿಸಿ. ಟಕ್ ಟಕ್ ಜೋರಾಗಿಯೇ ಇದ್ದರೆ ಅದು ರಿಕವರಿ ಲ್ಯಾಬಿನ ಕೆಲಸ, ನನ್ನಂಥವನದ್ದೂ ಅಲ್ಲ.

"ನಮ್ಮದರಲ್ಲಿ ರೇಡ್ ಇದೆ, ಬ್ಯಾಕಪ್ ಯಾಕೆ?" ಅಂತ ಕೇಳುವವರಿದ್ದಾರೆ. ರೇಡ್ ಅಂದರೆ ಹಲವು ಡಿಸ್ಕುಗಳನ್ನು ಜೋಡಿಸಿ ಒಟ್ಟಿಗೆ ಬಳಸುವುದು. ರೇಡ್ 1ರಲ್ಲಿ ಎರಡು ಡಿಸ್ಕಿನಲ್ಲೂ ಒಂದೇ ಡೇಟಾ. ಒಂದು ಡಿಸ್ಕ್ ಹೋದರೆ ಇನ್ನೊಂದು ಕಾಪಾಡುತ್ತದೆ, ಸರಿ. ಆದರೆ ಯಾರೋ ಒಂದು ಕಂಪನಿಯ ಲೆಕ್ಕವನ್ನು ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಸಂಜೆ ಅಂಗಡಿ ಮುಚ್ಚುವಾಗ ಹೊರಗಿನ ಡ್ರೈವಿಗೆ ಟ್ಯಾಲಿ ಬ್ಯಾಕಪ್ ತೆಗೆದು ಆ ಡ್ರೈವನ್ನು ಮನೆಗೆ ಒಯ್ಯಿರಿ. ಸರ್ವರ್‌ಗೇ ಚುಚ್ಚಿಟ್ಟರೆ ಸಿಡಿಲಿಗೆ ಎರಡೂ ಹೋಗಬಹುದು. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ತೆರೆಯುತ್ತದಾ ಅಂತ ನೋಡಿ.

ಫೈಲುಗಳ ಹೆಸರೆಲ್ಲ ಬದಲಾಗಿ "ದುಡ್ಡು ಕಟ್ಟಿ" ಅನ್ನುವ ಚೀಟಿ ಕಂಡರೆ ಅದು ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್, ಅಂದರೆ ರ‍್ಯಾನ್ಸಮ್‌ವೇರ್. ಮೊದಲು ಎಲ್ಲ ಕಂಪ್ಯೂಟರಿನ ಲ್ಯಾನ್ ಕೇಬಲ್ ಕೀಳಿ. ಫಾರ್ಮ್ಯಾಟ್ ಮಾಡಬೇಡಿ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಸಣ್ಣವರ ಹತ್ತಿರ ಯಾಕೆ ಬರ್ತಾರೆ ಅನ್ನಬೇಡಿ. 2017ರ ಮೇಯಲ್ಲಿ ವಾನಾಕ್ರೈ ಅನ್ನುವ ಇಂಥದ್ದೇ ವೈರಸ್ ಬಂದಾಗ ವಯನಾಡಿನ ಪಂಚಾಯತ್ ಕಚೇರಿಯ ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದಿದ್ದವು. ಮನೆಯಿಂದಲೇ ಲೆಕ್ಕ ನೋಡಲು ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ ತೆರೆದಿಟ್ಟಿದ್ದರೆ ಇವತ್ತೇ ಮುಚ್ಚಿಸಿ, ಇಂಥವರು ನುಗ್ಗುವ ಬಾಗಿಲು ಅದು.

ಇನ್ನು ಎಎಂಸಿ. "ನಾಲ್ಕು ಗಂಟೆಯ ರೆಸ್ಪಾನ್ಸ್" ಅಂತ ಬರೆದಿದ್ದರೆ ನಾಲ್ಕು ಗಂಟೆಯಲ್ಲಿ ಫೋನ್ ಎತ್ತುತ್ತಾರೋ, ಅಂಗಡಿಗೆ ಬರ್ತಾರೋ ಅಂತ ಬಾಯಿ ಬಿಟ್ಟು ಕೇಳಿ. ಬಿಡಿಭಾಗದ ಖರ್ಚು ಅದರಲ್ಲೇ ಸೇರಿದೆಯಾ, ಬೇರೆಯಾ? ರಿಪೇರಿ ತಡವಾದರೆ ಬದಲಿ ಸರ್ವರ್ ತಂದಿಡ್ತಾರಾ? ಊರಿನ ಹುಡುಗನಿಗೆ ಸರ್ವರ್ ಸಾಫ್ಟ್‌ವೇರ್ ಅಷ್ಟು ಬಾರದಿದ್ದರೆ ಪರವಾಗಿಲ್ಲ, ಆ ಭಾಗವನ್ನು ಮಂಗಳೂರಿನವರು ರಿಮೋಟ್‌ನಲ್ಲಿ ನೋಡಲಿ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಮಾತ್ರ ಇವರಿಬ್ಬರ ಹತ್ತಿರವೇ ಉಳಿಯಬಾರದು. ಬರೆಸಿಕೊಂಡು ನಿಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಿ.