ಮನೆ ಅಲಂಕಾರಕ್ಕೆ ಏನೇನು ತರಲಿ? ಮೊದಲು ಒಂದು ಉಂಡೆ ಹುರಿ ತನ್ನಿ

ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಪ್ಲಾಸ್ಟಿಕ್ ಹೂವು ಇಷ್ಟವಿಲ್ಲ, ನೈಸರ್ಗಿಕ ವಸ್ತುಗಳಿಂದಲೇ ಏನಾದರೂ ಮಾಡಬೇಕು, ಏನೇನು ತಂದಿಟ್ಟುಕೊಳ್ಳಲಿ ಎಂದು ಕೇಳಿದ್ದೀರಿ. ಪಟ್ಟಿ ಬೇಡ. ಒಂದು ಉಂಡೆ ಸೆಣಬಿನ ಹುರಿ ತನ್ನಿ, ಸದ್ಯಕ್ಕೆ ಅಷ್ಟು ಸಾಕು. ಅದು ಕೈಗೆ ಒಗ್ಗಿದ ಮೇಲೆ ಹತ್ತಿ ಹುರಿ. ಉಳಿದದ್ದು ಮನೆಯಲ್ಲೋ ಮರದ ಕೆಳಗೋ ಆಗಲೇ ಇದೆ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ನಾನು ಶುರು ಮಾಡಿದ್ದು ಉಲ್ಟಾ. ಕಪ್ಪೆಚಿಪ್ಪು, ಮರದ ಮಣಿ, ಬಿದಿರಿನ ಕಡ್ಡಿ, ಬಣ್ಣದ ಗೋಣಿಬಟ್ಟೆ, ಕಂಡಿದ್ದೆಲ್ಲ ತಂದೆ. ಎರಡು ವರ್ಷ ಡಬ್ಬ ಮಂಚದ ಕೆಳಗೇ ಇತ್ತು. ಅದರಲ್ಲಿ ಪೂರ್ತಿ ಬಳಸಿ ಮುಗಿಸಿದ್ದು ಹುರಿ ಒಂದನ್ನೇ. ಹುರಿ ಸುತ್ತಬಹುದು, ಕಟ್ಟಬಹುದು, ಹೆಣೆಯಬಹುದು, ನೇತುಹಾಕಬಹುದು. ಬೇರೆ ಯಾವ ವಸ್ತುವೂ ಇಷ್ಟು ಕೆಲಸಕ್ಕೆ ಬರುವುದಿಲ್ಲ.

ಮೊದಲ ಕೆಲಸ ಖಾಲಿ ಗಾಜಿನ ಜಾಡಿಗೆ ಹುರಿ ಸುತ್ತುವುದು. ಲೇಬಲ್ ಕಿತ್ತು, ಸೋಪಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ. ಗಾಜಿನ ಮೇಲೆ ಎಣ್ಣೆ ಜಿಡ್ಡಿದ್ದರೆ ಅಂಟು ಹಿಡಿಯುವುದಿಲ್ಲ. ಜಾಡಿಯ ಸುತ್ತಳತೆ 25 ಸೆಂ.ಮೀ., ಹುರಿ 3 ಮಿ.ಮೀ. ದಪ್ಪ ಅಂದುಕೊಳ್ಳಿ. 9 ಸೆಂ.ಮೀ. ಎತ್ತರಕ್ಕೆ 30 ಸುತ್ತು, ಅಂದರೆ ಏಳೂವರೆ ಮೀಟರ್ ಹುರಿ ಬೇಕು. ನೋಡಲು ಸಣ್ಣ ಜಾಡಿ, ತಿನ್ನುವ ಹುರಿ ಮಾತ್ರ ಜಾಸ್ತಿ! ಹಾಗಾಗಿ ಮೊದಲೇ ಕತ್ತರಿಸಬೇಡಿ, ಉಂಡೆಯಿಂದಲೇ ಸುತ್ತುತ್ತಾ ಹೋಗಿ. ತಳದಿಂದ ಶುರು ಮಾಡಿ. ಮೊದಲ ಎರಡು ಸುತ್ತಿಗೆ ಪೂರ್ತಿ ಅಂಟು, ಆಮೇಲೆ ನಾಲ್ಕೈದು ಸುತ್ತಿಗೊಮ್ಮೆ ಒಂದು ಗೆರೆ, ಕೊನೆಯ ಎರಡಕ್ಕೆ ಮತ್ತೆ ಪೂರ್ತಿ. ಪ್ರತಿ ಸುತ್ತನ್ನೂ ಹೆಬ್ಬೆರಳ ಉಗುರಿನಿಂದ ಕೆಳಗಿನ ಸುತ್ತಿಗೆ ಒತ್ತಿ ಕೂರಿಸಿ. ಮರಕ್ಕೆ ಬಳಸುವ ಬಿಳಿ ಅಂಟು ಸಾಕು, ಒಣಗಿದ ಮೇಲೆ ಕಾಣುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಹುರಿ ಸುತ್ತಿದ ಜಾಡಿಯಲ್ಲಿ ಮೇಣದಬತ್ತಿ ಹಚ್ಚಬೇಡಿ. ಚಿತ್ರಗಳಲ್ಲಿ ಚೆಂದ ಕಾಣುತ್ತದೆ ನಿಜ, ಆದರೆ ಒಣ ಸೆಣಬು ಬಹಳ ಬೇಗ ಬೆಂಕಿ ಹಿಡಿಯುತ್ತದೆ. ಬೆಳಕು ಬೇಕೇ ಬೇಕು ಅಂದರೆ ಬ್ಯಾಟರಿಯ ಸಣ್ಣ ಎಲ್‌ಇಡಿ ಸರ ಹಾಕಿ. ಹಾಗೆಯೇ ಸೆಣಬು ತೇವ ಹೀರುತ್ತದೆ, ಬಚ್ಚಲಮನೆಯಲ್ಲಿಟ್ಟರೆ ಬೂಸ್ಟು ಬರುತ್ತದೆ. ನೇರ ಬಿಸಿಲಿಗೆ ಬಣ್ಣ ಕೆಡುತ್ತದೆ.

ಜಾಡಿಯೊಳಗೆ ಒಣಗಿಸಿದ ಹೂವು ಇಡಿ. ಒಂದೊಂದು ಕಟ್ಟಿನಲ್ಲಿ ಐದಾರು ಕಡ್ಡಿ ಸಾಕು. ತಲೆಕೆಳಗು ಮಾಡಿ, ಗಾಳಿಯಾಡುವ ಕತ್ತಲೆ ಜಾಗದಲ್ಲಿ ಎರಡು ಮೂರು ವಾರ ನೇತುಹಾಕಿ. ಕತ್ತಲೆ ಯಾಕೆ ಅಂದರೆ ಬೆಳಕಿಗೆ ಬಣ್ಣ ಹಾರಿಹೋಗುತ್ತದೆ. ಕಟ್ಟಲು ಮಾತ್ರ ದಾರ ಬೇಡ, ರಬ್ಬರ್ ಬ್ಯಾಂಡ್ ಹಾಕಿ. ಒಣಗುತ್ತಾ ಕಡ್ಡಿ ಸಣ್ಣಗಾಗುತ್ತದೆ. ದಾರ ಸಡಿಲವಾಗಿ ಹೂವು ಒಂದೊಂದೇ ಜಾರಿ ಬೀಳುತ್ತದೆ, ರಬ್ಬರ್ ಬ್ಯಾಂಡ್ ತಾನೂ ಬಿಗಿಯುತ್ತಾ ಹೋಗುತ್ತದೆ.

ಇನ್ನು ಗೋಡೆಗೆ. ನನಗೆ ತುಂಬಾ ಇಷ್ಟವಾದ ಕೆಲಸ ಇದು: ಒಂದು ಒಣ ಕೊಂಬೆ, ಅದರಿಂದ ಇಳಿಬಿಟ್ಟ ಹತ್ತಿ ಹುರಿಯ ಗಂಟುಗಳು. ಮ್ಯಾಕ್ರಮೆ ಅನ್ನುತ್ತಾರಲ್ಲ, ಅದೇ. ಹೆಸರು ಕೇಳಿ ಹೆದರಬೇಡಿ, ಎರಡು ಗಂಟು ಕಲಿತರೆ ಸಾಕು. 3 ಮಿ.ಮೀ. ಹುರಿ ತೆಗೆದುಕೊಳ್ಳಿ. ಗಂಟುಗಳು ಹುರಿಯನ್ನು ನುಂಗುತ್ತವೆ, ಹಾಗಾಗಿ ಬೇಕಾದ ಉದ್ದದ ನಾಲ್ಕು ಪಟ್ಟು ಇರಬೇಕು. ಮಡಚಿ ಹಾಕುವುದರಿಂದ ಕತ್ತರಿಸುವಾಗ ಎಂಟು ಪಟ್ಟು. ಅರ್ಧ ಮೀಟರ್ ಉದ್ದದ ತೂಗುಹಾಕುವ ಕೆಲಸಕ್ಕೆ 4 ಮೀಟರಿನ 12 ತುಂಡು ಕತ್ತರಿಸಿ, ಒಟ್ಟು 48 ಮೀಟರ್. ಪ್ರತಿ ತುಂಡನ್ನೂ ಅರ್ಧಕ್ಕೆ ಮಡಚಿ, ಮಡಿಕೆಯನ್ನು ಕೊಂಬೆಯ ಹಿಂದಿನಿಂದ ತಂದು, ಎರಡೂ ತುದಿಗಳನ್ನು ಅದರೊಳಗೆ ತೂರಿಸಿ ಎಳೆಯಿರಿ. ಅದು ಮೊದಲ ಗಂಟು. ಈಗ 24 ಎಳೆ ತೂಗುತ್ತಿರುತ್ತವೆ.

ಎರಡನೆಯದು ಚೌಕ ಗಂಟು. ನಾಲ್ಕು ಎಳೆ ಹಿಡಿಯಿರಿ, ನಡುವಿನ ಎರಡು ಅಲ್ಲಾಡಬಾರದು. ಎಡದ ಎಳೆ ನಡುವಿನವುಗಳ ಮೇಲೆ ಹಾದು ಬಲದ ಎಳೆಯ ಕೆಳಗೆ ಹೋಗಲಿ. ಬಲದ ಎಳೆ ನಡುವಿನವುಗಳ ಹಿಂದೆ ಹಾದು ಎಡದ ಕುಣಿಕೆಯಲ್ಲಿ ಮೇಲೆ ಬರಲಿ. ಎಳೆದು ಬಿಗಿ ಮಾಡಿ. ಇದೇ ಕೆಲಸವನ್ನು ಈಗ ಬಲದಿಂದ ಶುರು ಮಾಡಿ. ಎರಡೂ ಸೇರಿ ಒಂದು ಗಂಟು. ಮರೆತು ಪ್ರತಿ ಸಲ ಎಡದಿಂದಲೇ ಹಾಕಿದರೆ ಗಂಟುಗಳು ತಾವಾಗಿಯೇ ಸುರುಳಿ ಸುತ್ತಿಕೊಳ್ಳುತ್ತವೆ. ಬಿಚ್ಚಬೇಡಿ, ಅದೂ ಒಂದು ವಿನ್ಯಾಸವೇ. ಮೊದಲ ಸಾಲಿಗೆ ಆರು ಗಂಟು. ಮುಂದಿನ ಸಾಲಿಗೆ ಎರಡೂ ಅಂಚಿನಲ್ಲಿ ಎರಡೆರಡು ಎಳೆ ಬಿಟ್ಟು ಐದು ಗಂಟು. ಮತ್ತೆ ಆರು, ಮತ್ತೆ ಐದು. ಹೀಗೆ ಹಾಕುತ್ತಾ ಹೋದರೆ ಬಲೆಯ ಹಾಗೆ ವಜ್ರಾಕಾರ ತೆರೆದುಕೊಳ್ಳುತ್ತದೆ, ಮೊದಲ ಸಲ ಕಂಡಾಗ ಆಗುವ ಖುಷಿಯೇ ಬೇರೆ. ಕೆಳಗೆ ಉಳಿದ ತುದಿಗಳನ್ನು ಬಿಡಿಸಿ ಬಾಚಣಿಗೆಯಲ್ಲಿ ಬಾಚಿದರೆ ಕುಚ್ಚು ಸಿದ್ಧ. ಸೆಣಬಿನಲ್ಲಿ ಈ ಕುಚ್ಚು ಚೆನ್ನಾಗಿ ಬರುವುದಿಲ್ಲ, ಪುಡಿ ಉದುರುತ್ತದೆ. ಅದಕ್ಕೇ ಇಲ್ಲಿ ಹತ್ತಿ.

ಕೊಂಬೆಯ ವಿಷಯದಲ್ಲಿ ಅವಸರ ಬೇಡ. ಬಿದ್ದು ಒಣಗಿದ್ದನ್ನೇ ಆರಿಸಿ, ಸಣ್ಣ ತೂತುಗಳಿದ್ದರೆ ಅಲ್ಲೇ ಬಿಟ್ಟುಬನ್ನಿ. ನಾನು ಒಮ್ಮೆ ಚೆಂದ ಕಾಣುತ್ತದೆಂದು ತೊಗಟೆ ಸಮೇತ ತೂಗುಹಾಕಿದ್ದೆ. ಕೆಲವು ತಿಂಗಳಲ್ಲಿ ಅದರ ಕೆಳಗೆ ಹಿಟ್ಟಿನಂಥ ಪುಡಿ ಬೀಳತೊಡಗಿತು. ಒಳಗೆ ಹುಳ ಕೊರೆಯುತ್ತಿತ್ತು. ಅಷ್ಟು ದಿನ ಕೂತು ಹಾಕಿದ ಗಂಟುಗಳನ್ನೆಲ್ಲ ಬಿಚ್ಚಿ ಕೊಂಬೆ ಎಸೆಯುವಾಗ ನಿಜಕ್ಕೂ ಸಂಕಟವಾಯಿತು. ಈಗ ತೊಗಟೆ ಸುಲಿದು, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಬಿಸಿಲಿಗೆ ಇಟ್ಟು, ಎರಡು ಮೂರು ವಾರ ಹಳೆ ಪೇಪರ್ ಮೇಲೆ ಮಲಗಿಸಿಡುತ್ತೇನೆ. ಪುಡಿ ಕಾಣದಿದ್ದರೆ ಮಾತ್ರ ಗೋಡೆಗೆ.

ಮಣ್ಣಿನ ಕುಂಡ ಇಡುವುದಾದರೆ ಕೆಳಗೆ ತಟ್ಟೆ ಇರಲಿ. ಮೆರುಗಿಲ್ಲದ ಮಣ್ಣು ನೀರು ಬಿಡುತ್ತದೆ, ಮೇಜಿನ ಮೇಲೆ ಕಲೆ ಉಳಿಯುತ್ತದೆ. ಹೊರಗೆ ಬಿಳಿ ಪುಡಿ ಕಟ್ಟಿದರೆ ಅದು ನೀರಿನ ಉಪ್ಪು, ಬ್ರಷ್‌ನಲ್ಲಿ ಉಜ್ಜಿದರೆ ಹೋಗುತ್ತದೆ.

ಮೊಳೆ ಇಲ್ಲದೆ ತೂಗುಹಾಕಲು ಪರದೆಯ ಸರಳು ಇದೆಯಲ್ವಾ, ಅದಕ್ಕೇ ಕಟ್ಟಿ. ಇಲ್ಲವೇ ಅಂಟಿಸುವ ಕೊಕ್ಕೆ, ಆದರೆ ಎಷ್ಟು ಭಾರ ತಡೆಯುತ್ತದೆಂದು ಅದರ ಪೊಟ್ಟಣದ ಮೇಲೆ ಓದಿಕೊಳ್ಳಿ. ಹುರಿ ಕತ್ತರಿಸುವ ಮೊದಲು ಇನ್ನೊಂದು ಕೆಲಸ ಮಾಡಿ. ನೀವು ಅಂದುಕೊಂಡ ಅಳತೆಗೆ ಹಳೆ ಪೇಪರ್ ಕತ್ತರಿಸಿ ಗೋಡೆಗೆ ಮೆಲ್ಲಗೆ ಅಂಟಿಸಿ, ಎರಡು ದಿನ ಹಾಗೇ ಬಿಡಿ. ನೀವು ದಿನಾ ಕೂರುವ ಜಾಗದಿಂದ ಅದನ್ನು ನೋಡಿ. ಸಾಮಾನ್ಯವಾಗಿ ಅದು ಗೋಡೆಗೆ ಸಣ್ಣದಾಗಿ ಕಾಣುತ್ತದೆ. ಅಳತೆ ದೊಡ್ಡದು ಮಾಡಿ, ಆಮೇಲೆ ಕತ್ತರಿ ಹಿಡಿಯಿರಿ.