ಬೆಂಗಳೂರಿಂದ ಟೋಕಿಯೋಗೆ ಎಷ್ಟು ದೂರ? ಬ್ಯಾಂಕಾಕ್ ಮೇಲೆ ಹೋದರೆ ಎಷ್ಟು ಗಂಟೆ?

ಬ್ಯಾಂಕಾಕ್ ಮೇಲೆ ಹೋದರೂ ದೂರ ಅಷ್ಟೇನೂ ಜಾಸ್ತಿ ಆಗಲ್ಲ, ಟಿಕೆಟ್ ಮಾತ್ರ ಅಗ್ಗ ಅಂತ ನಿಮಗೆ ಅನಿಸಬಹುದು, ನಾನೂ ಇದೇ ಲೆಕ್ಕ ಹಾಕಿದ್ದೆ. ಲೆಕ್ಕದಲ್ಲಿ ತಪ್ಪಿಲ್ಲ. ನೇರವಾಗಿ ಟೋಕಿಯೋದ ನರಿತಾ ಏರ್‌ಪೋರ್ಟ್‌ಗೆ ಸುಮಾರು 6,700 ಕಿ.ಮೀ. ಬ್ಯಾಂಕಾಕ್‌ವರೆಗೆ 2,500, ಅಲ್ಲಿಂದ ಮುಂದೆ 4,650. ಹೆಚ್ಚಾಗುವುದು ಬೆಂಗಳೂರಿಂದ ಹುಬ್ಬಳ್ಳಿಗೆ ಹೋದಷ್ಟು. ವಿಮಾನಕ್ಕೆ ಅದೆಲ್ಲ ಯಾವ ಲೆಕ್ಕ ಅಂತ ಎರಡು ಬೇರೆ ಬೇರೆ ಕಂಪನಿಯ ಟಿಕೆಟ್ ತೆಗೆದೆ. ನಡುವೆ ನಾಲ್ಕು ಗಂಟೆ ಇತ್ತು. ಆರಾಮಾಗಿ ಊಟ ಮುಗಿಸಬಹುದು ಅಂದುಕೊಂಡೆ.

ಬ್ಯಾಂಕಾಕ್‌ನಲ್ಲಿ ಎರಡು ಏರ್‌ಪೋರ್ಟ್ ಇವೆ. ನಾನು ಇಳಿದದ್ದು ಸುವರ್ಣಭೂಮಿಯಲ್ಲಿ, ಟೋಕಿಯೋ ವಿಮಾನ ಹೊರಡುವುದು ಡಾನ್ ಮುಯಾಂಗ್‌ನಿಂದ. ಒಂದು ಊರಿನ ಆ ತುದಿ, ಇನ್ನೊಂದು ಈ ತುದಿ. ಅದು ಗೊತ್ತಿದ್ದೇ ಹೊರಟಿದ್ದೆ, ಟ್ಯಾಕ್ಸಿಯಲ್ಲಿ ಒಂದು ಗಂಟೆ ಅಷ್ಟೇ ಅಲ್ವಾ ಅಂತ. ಬೆಂಗಳೂರಿಂದಲೇ ವಿಮಾನ ತಡವಾಯಿತು. ಇಳಿದರೆ ವೀಸಾ ಆನ್ ಅರೈವಲ್ ಕ್ಯೂ. ಕೈಯಲ್ಲಿ ಫಾರ್ಮ್, ಫೋಟೋ, 2,000 ಬಾತ್ ಹಿಡಿದುಕೊಂಡು ನಿಂತೆ, ಕ್ಯೂ ಮಾತ್ರ ಅಲ್ಲಾಡಲಿಲ್ಲ. ಆಮೇಲೆ ಬ್ಯಾಗಿಗೆ ಕಾಯಬೇಕು. ಆಮೇಲೆ ಬ್ಯಾಂಕಾಕ್ ಟ್ರಾಫಿಕ್, ಸಿಲ್ಕ್ ಬೋರ್ಡ್‌ನಲ್ಲಿ ದಿನಾ ನಿಲ್ಲುವ ನನಗೇ ಬೆವರಿತು. ಡಾನ್ ಮುಯಾಂಗ್ ತಲುಪಿದಾಗ ವಿಮಾನ ಇನ್ನೂ ಹೊರಟಿರಲಿಲ್ಲ, ಬೋರ್ಡ್ ಮೇಲೆ ನರಿತಾ ಅಂತ ಕಾಣ್ತಾನೇ ಇತ್ತು. ಆದರೆ ಕೌಂಟರ್ ಮುಚ್ಚಿತ್ತು. ಅಲ್ಲಿದ್ದ ಹುಡುಗಿ ಸುಮ್ನೆ ಗಡಿಯಾರದ ಕಡೆ ಕೈ ತೋರಿಸಿದಳು.

ಏರ್‌ಪೋರ್ಟ್ ಬೇರೆ ಆಗಿದ್ದಕ್ಕೆ ಹೀಗಾಯಿತು ಅಂದುಕೊಳ್ಳಬೇಡಿ. ಅದು ಅರ್ಧ ಕಥೆ. ನಿಜವಾದ ಎಡವಟ್ಟು ಎರಡು ಪಿಎನ್‌ಆರ್, ಅಂದರೆ ಎರಡು ಬೇರೆ ಬೇರೆ ಬುಕಿಂಗ್ ನಂಬರ್. ಒಂದೇ ಪಿಎನ್‌ಆರ್ ಇದ್ದು ಮೊದಲ ವಿಮಾನ ತಡವಾದರೆ, ಮುಂದಿನದಕ್ಕೆ ಕೂರಿಸುವುದು ಅವರ ತಲೆನೋವು. ಎರಡಿದ್ದರೆ ಮೊದಲನೆಯವರು ಬ್ಯಾಂಕಾಕ್ ಮುಟ್ಟಿಸಿದೆವು, ನಮ್ಮ ಕೆಲಸ ಆಯ್ತು ಅಂತಾರೆ. ಎರಡನೆಯವರ ಲೆಕ್ಕದಲ್ಲಿ ನೀವು ಮನೆಯಲ್ಲೇ ಮಲಗಿದ್ದು ಲೇಟಾಗಿ ಬಂದ ಗಿರಾಕಿ. ಇಬ್ಬರೂ ಒಂದು ರೂಪಾಯಿ ವಾಪಸ್ ಕೊಡಲಿಲ್ಲ. ಆ ರಾತ್ರಿ ಬ್ಯಾಂಕಾಕ್‌ನಲ್ಲೇ ಉಳಿದು ಹೊಸ ಟಿಕೆಟ್ ತೆಗೆದೆ. ಹೋಟೆಲ್ಲೂ ಸೇರಿ ನೇರ ವಿಮಾನಕ್ಕಿಂತ ಜಾಸ್ತಿಯೇ ಆಯ್ತು.

ಹಾಗಾಗಿ ಕಿಲೋಮೀಟರ್ ಲೆಕ್ಕ ಬಿಡಿ, ಅದರಿಂದ ಏನೂ ಗೊತ್ತಾಗಲ್ಲ. ದುಡ್ಡು ಹೊಂದಿದರೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಹಿಡಿಯಿರಿ. ಹೋಗುವಾಗ ಎಂಟು ಗಂಟೆ ಚಿಲ್ಲರೆ. ಬರುವಾಗ ಒಂದೂವರೆ ಗಂಟೆ ಹೆಚ್ಚು ಹಿಡಿಯುತ್ತದೆ, ಮೇಲೆ ಪಶ್ಚಿಮದಿಂದ ಬೀಸುವ ಜೆಟ್ ಸ್ಟ್ರೀಮ್ ಗಾಳಿಗೆ ಎದುರಾಗಿ ಹಾರಬೇಕಲ್ಲ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ರಾತ್ರಿ ಎರಡಕ್ಕೆ ಹೊರಟು ಮಧ್ಯಾಹ್ನ ಒಂದೂವರೆಗೆ ಇಳಿದರೆ ಹನ್ನೊಂದೂವರೆ ಗಂಟೆ ಪ್ರಯಾಣ ಅಂತ ಗಾಬರಿ ಬೀಳಬೇಡಿ.

ನೇರ ವಿಮಾನ ದುಬಾರಿ ಅನಿಸಿದರೆ ಸಿಂಗಾಪುರ, ಹಾಂಗ್‌ಕಾಂಗ್, ಬ್ಯಾಂಕಾಕ್ ಯಾವ ಕಡೆಯಿಂದಾದರೂ ಹೋಗಿ, ಆದರೆ ಒಂದೇ ಪಿಎನ್‌ಆರ್‌ನಲ್ಲಿ. ಬ್ಯಾಗಿಗೆ ಕಟ್ಟುವ ಚೀಟಿಯಲ್ಲಿ ಕೊನೆಯ ಊರು ಟೋಕಿಯೋ ಅಂತಿದೆಯಾ, ಬೆಂಗಳೂರಲ್ಲೇ ನೋಡಿಕೊಳ್ಳಿ. ನರಿತಾದಿಂದ ಟೋಕಿಯೋ ಊರೊಳಗೆ ಇನ್ನೂ 60 ಕಿ.ಮೀ. ಇದೆ. ರೈಲಿಗೆ ಒಂದು ಗಂಟೆ. ರಾತ್ರಿ ಹತ್ತೂವರೆ ಮೇಲೆ ಇಳಿಯುವ ಅಗ್ಗದ ಟಿಕೆಟ್ ಕಂಡರೆ ಮುಟ್ಟಬೇಡಿ. ನೀವು ಇಮಿಗ್ರೇಷನ್ ಮುಗಿಸಿ ಬರುವಷ್ಟರಲ್ಲಿ ಕೊನೆಯ ರೈಲು ಹೋಗಿರುತ್ತದೆ, ಟ್ಯಾಕ್ಸಿಗೆ 20,000 ಯೆನ್ ಮೇಲೆಯೇ ಕೊಡಬೇಕು.