ಗೇಟಿನ ಸದ್ದಿಗೆ ತಲೆ ಎತ್ತುವ ಮಗು

ಪ್ರಶ್ನೆ: ಮಗಳಿಗೆ 1 ವರ್ಷ 10 ತಿಂಗಳು. ತಿಂಗಳಿಂದ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಡೇಕೇರ್‌ನಲ್ಲಿ ಬಿಡುತ್ತಿದ್ದೇವೆ. ಬಿಡುವಾಗ ಅಳು. ಆಮೇಲೆ ಆಡುತ್ತಾಳಂತೆ, ಆದರೆ ಮಧ್ಯಾಹ್ನ ನಿದ್ದೆಯಿಂದ ಎದ್ದವಳು ಬಾಗಿಲು ಬಿಟ್ಟು ಕದಲುವುದಿಲ್ಲವಂತೆ. ದೊಡ್ಡವನು 4 ವರ್ಷಕ್ಕೆ ಎಲ್‌ಕೆಜಿ ಸೇರಿ ವಾರದಲ್ಲೇ ಹೊಂದಿಕೊಂಡಿದ್ದ. ಅತ್ತೆಯವರು ‘ಕಣ್ತಪ್ಪಿಸಿ ಬಂದುಬಿಡು’ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಕಣ್ತಪ್ಪಿಸಿ ಮಾತ್ರ ಬರಬೇಡಿ. ಅಮ್ಮ ಯಾವ ಗಳಿಗೆಯಲ್ಲಾದರೂ ಮಾಯವಾಗಬಹುದು ಎಂದು ಮಗು ಕಲಿತರೆ, ಮನೆಯಲ್ಲಿ ನೀವು ಬಚ್ಚಲಿಗೆ ಹೋದರೂ ಬೆನ್ನು ಬಿಡುವುದಿಲ್ಲ. ಒಮ್ಮೆ ತಬ್ಬಿ, ‘ಹೋಗಿ ಬರ್ತೀನಿ’ ಎಂದು ಹೇಳಿ ಹೊರಡಿ. ಹೊಸಿಲಲ್ಲಿ ನಿಂತು ಸಮಾಧಾನ ಮಾಡುತ್ತಾ ಹೋದಷ್ಟೂ ಅಳು ಬೆಳೆಯುತ್ತದೆ. ಆಡಲು ಕೂರುವ ಮಗುವಿನ ಬೆಳಗಿನ ಅಳು ಅಷ್ಟು ಚಿಂತೆಯದಲ್ಲ. ಗಮನ ಬೇಕಾದದ್ದು ಮಧ್ಯಾಹ್ನಕ್ಕೆ.

ಅಗಲಿಕೆಯ ಅಂಜಿಕೆ ಸುಮಾರು 8 ತಿಂಗಳಿಗೆ ಶುರುವಾಗಿ, ಎರಡನೇ ವರ್ಷದಲ್ಲಿ ಜೋರಾಗಿದ್ದು, 3ರ ಹೊತ್ತಿಗೆ ಇಳಿಯತೊಡಗುತ್ತದೆ. ದೊಡ್ಡವನು ಅದನ್ನು ದಾಟಿಯೇ ಶಾಲೆಗೆ ಹೋದ. ಇವಳು ಅದರ ನಡುವೆ ಇದ್ದಾಳೆ. 4 ವರ್ಷದವರು ನಿನ್ನೆ–ನಾಳೆಯನ್ನು ಅದಲು ಬದಲು ಮಾಡಿಯಾರು, ಆದರೆ ‘ಬೆಲ್ ಹೊಡೆದ ಮೇಲೆ ಅಪ್ಪ’ ಎಂಬುದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ. ನಿಮ್ಮ ಮಗಳಿಗೆ 6 ಗಂಟೆ ಎಂಬುದೇ ಇಲ್ಲ. ಊಟ, ನಿದ್ದೆ, ಹಾಲು ಇವೇ ಅವಳ ಗಡಿಯಾರ.

ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಬ್ಯಾಗ್ ಏರಿಸಿ ಹೊರಡುತ್ತಾರೆ. ಡೇಕೇರ್‌ನಲ್ಲಿ 4ಕ್ಕೆ ಒಬ್ಬರು, ನಾಲ್ಕೂವರೆಗೆ ಇಬ್ಬರು. ಗೇಟಿನ ಚಿಲಕ ಸದ್ದಾದಾಗಲೆಲ್ಲ ಮಗು ತಲೆ ಎತ್ತುತ್ತದೆ; ಬಂದವರು ಇನ್ಯಾರದೋ ಅಮ್ಮ. ಗೋಡೆಯ ಬದಿ ಸಾಲಾಗಿದ್ದ ಪುಟ್ಟ ಚಪ್ಪಲಿಗಳಲ್ಲಿ ಕೊನೆಗೆ ಉಳಿಯುವುದು ಅವಳದೊಂದೇ ಜೊತೆ. ಮೈಯೂ ಇದನ್ನು ತೋರಿಸುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಮನೆಯಲ್ಲಿರುವ ಮಗುವಿನಲ್ಲಿ ಬೆಳಿಗ್ಗೆಯಿಂದ ಸಂಜೆಗೆ ಇಳಿಯುತ್ತದೆ. ದಿನವಿಡೀ ಡೇಕೇರ್‌ನಲ್ಲಿರುವ ಎರಡು ವರ್ಷದ ಆಸುಪಾಸಿನ ಅನೇಕ ಮಕ್ಕಳಲ್ಲಿ ಮಧ್ಯಾಹ್ನಕ್ಕೆ ಏರುವುದನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಮೆಗನ್ ಗುನ್ನರ್ ಮತ್ತು ಸಂಗಡಿಗರು ಎಂಜಲಿನ ಪರೀಕ್ಷೆಯಿಂದ ಕಂಡುಕೊಂಡರು. ಮಗುವಿಗೆ ಹಾನಿಯಾಯಿತೆಂದು ಇದರ ಅರ್ಥವಲ್ಲ, ದಣಿದಿದೆ ಎಂದು.

ಆದ್ದರಿಂದ ಮನೆಯವರಲ್ಲಿ ಯಾರಾದರೂ ವಾರಕ್ಕೆ ಎರಡು ದಿನವಾದರೂ 4ಕ್ಕೇ ಕರೆತರಲಾದೀತೇ ನೋಡಿ. ಉಳಿದ ದಿನ ನಿಮ್ಮ ಬರವನ್ನು ಒಂದು ಕೆಲಸಕ್ಕೆ ಗಂಟು ಹಾಕಿ. ಐದೂವರೆಗೆ ಮುಖ ತೊಳೆಸಿ ತಲೆ ಬಾಚಲು ಆಯಾಗೆ ಹೇಳಿ. ‘ತಲೆ ಬಾಚಿದ ಮೇಲೆ ಅಮ್ಮ’ ಎಂದು ನೀವೂ ಅವರೂ ದಿನಾ ಅದೇ ಮಾತು ಹೇಳಿ. ಬಾಚಿದ ಮೇಲೆ ಮುಕ್ಕಾಲು ಗಂಟೆ ತಡವಾದರೆ ಆ ಮಾತಿಗೆ ಬೆಲೆ ಉಳಿಯದು, ತಡವೆಂದು ಗೊತ್ತಾದ ಕೂಡಲೇ ಫೋನ್ ಮಾಡಿ ಬಾಚುವುದನ್ನೇ ಮುಂದಕ್ಕೆ ಹಾಕಿಸಿ. ಎದ್ದ ಕೂಡಲೇ ಎತ್ತಿಕೊಳ್ಳುವವರು ದಿನವೂ ಒಬ್ಬರೇ ಇರಲಿ. ಮಲಗುವಾಗ ನಿಮ್ಮ ಹಳೆಯ ಸೀರೆಯ ತುಂಡು ಕೊಡಿ, ಒಗೆಯದೆ.

ತಿಂಗಳಾದರೂ ಯಾರ ಹತ್ತಿರವೂ ಸುಮ್ಮನಾಗುತ್ತಿಲ್ಲವೆಂದರೆ ಮೊದಲಿಂದ ಶುರುಮಾಡಿ. ಬರ್ಲಿನ್‌ನ ಶಿಶುವಿಹಾರಗಳಲ್ಲಿ ರೂಢಿಯಾದ ಕ್ರಮವಿದೆ: 3 ದಿನ ಅಮ್ಮ ಸುಮಾರು ಒಂದು ಗಂಟೆ ಮೂಲೆಯಲ್ಲಿ ಸುಮ್ಮನೆ ಕೂತಿದ್ದು ಮಗುವಿನ ಜೊತೆಗೇ ಮನೆಗೆ ಬರುವುದು. 4ನೇ ದಿನ ಹೇಳಿ ಹೊರಗೆ ಹೋಗುವುದು, ಹೆಚ್ಚೆಂದರೆ 30 ನಿಮಿಷ. ಆಯಾ ಎತ್ತಿಕೊಂಡಾಗ ಬೇಗ ಸುಮ್ಮನಾದರೆ ಮುಂದೆ ಹೊತ್ತು ಹೆಚ್ಚಿಸಬಹುದು. ಇಲ್ಲವಾದರೆ ಒಳಗೆ ಬಂದು ಇನ್ನೂ ಕೆಲವು ದಿನ ಕೂರಬೇಕು. ಮೊದಲ ಅಗಲಿಕೆ ಸೋಮವಾರ ಬೇಡ. ಎರಡು ದಿನ ಮನೆಯಲ್ಲಿದ್ದು ಬಂದ ಮಗುವಿಗೆ ಅದು ಕಷ್ಟ.

ಪ್ರಶ್ನೆ: ಆಫೀಸಿನಲ್ಲೇ ಕ್ರೆಶ್ ಇದೆ. ನಡುವೆ ನೋಡಲು ಹೋದಾಗಲೆಲ್ಲ 14 ತಿಂಗಳ ಮಗ ಮತ್ತೆ ಅಳುತ್ತಾನೆ. ಹೋಗುವುದನ್ನೇ ನಿಲ್ಲಿಸಲೇ?
– ಓದುಗರು, ಬೆಂಗಳೂರು

ಉತ್ತರ: ನಿಲ್ಲಿಸಬೇಡಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಕಡೆ ಕ್ರೆಶ್ ಇರಬೇಕೆಂದಿತು, ತಾಯಿಗೆ ದಿನಕ್ಕೆ 4 ಭೇಟಿಯ ಅವಕಾಶವನ್ನೂ ಕೊಟ್ಟಿತು. ಬಿಡುವಾದಾಗಲೆಲ್ಲ ಇಣುಕುವ ಬದಲು ಎರಡೇ ಹೊತ್ತು ಗೊತ್ತುಮಾಡಿಕೊಳ್ಳಿ: ಊಟ ಮಾಡಿಸಲು ಒಮ್ಮೆ, ನಿದ್ದೆಯಿಂದ ಏಳುವಾಗ ಒಮ್ಮೆ. ಊಟ ಮಾಡಿಸಿ, ಬಾಯಿ ಒರೆಸಿ, ಆಯಾ ಕೈಗೆ ಕೊಟ್ಟು, ಹೇಳಿ ಹೊರಡಿ. ಹಾಲೂಡಿಸುತ್ತಿದ್ದರೆ ಅದಕ್ಕಾಗಿ ಮೂರನೆಯ ಸಲ ಹೋಗಲು ಹಿಂಜರಿಯಬೇಡಿ.